ಹಾಜರಿ ಪುಸ್ತಕದ ಹೆಸರು, ಮಗು ಹೇಳಿದ ಹೆಸರು: ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಶಿಕ್ಷಕರಿಗೊಂದು ಕೈಪಿಡಿ

ಗಂಗಾವತಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಒಂಬತ್ತನೇ ತರಗತಿಗೆ ಕನ್ನಡ ಹೇಳಿಕೊಡುತ್ತಿದ್ದಾಗ, ಕೊನೆಯ ಬೆಂಚಿನ ಒಬ್ಬ ವಿದ್ಯಾರ್ಥಿಯಿಂದ ಹಾಜರಿ ಕರೆದಾಗ ಉತ್ತರವೇ ಬರುತ್ತಿರಲಿಲ್ಲ. ಕಣ್ಣೆದುರಿಗೇ ಕುಳಿತಿದ್ದರೂ ಓಗೊಡುವುದಿಲ್ಲವೆಂಬ ಸಿಟ್ಟಿನಲ್ಲಿ ನಾನು ಮೂರು ದಿನ ಗೈರುಹಾಜರಿ ಹಾಕಿದೆ. ನಾಲ್ಕನೆಯ ದಿನ ಪ್ರಾರ್ಥನೆಗೆ ಮೊದಲೇ ಆ ವಿದ್ಯಾರ್ಥಿ ಶಿಕ್ಷಕರ ಕೊಠಡಿಯ ಹೊಸ್ತಿಲಾಚೆ ನಿಂತು, "ಸರ, ನನ್ನ ಹೆಸರು ಕರೀಬ್ಯಾಡ್ರಿ, ನಂಬರ್ ಕರೀರಿ" ಎಂದು ಕೇಳಿಕೊಂಡದ್ದು ಈಗಲೂ ಕಿವಿಯಲ್ಲಿದೆ. "ಹೆಸರು ಇಟ್ಟಿದ್ದು ಕರೆಯಾಕ ಅಲ್ಲೇನು ತಮ್ಮಾ" ಎಂದು ನಾನು ನಕ್ಕು ತರಗತಿಗೆ ಕಳಿಸಿಬಿಟ್ಟೆ. ಆ ಹೆಸರಿಗಿಂತ ಹೆಚ್ಚಾಗಿ ನಾನು ಪ್ರೀತಿಯಿಂದಲೇ ಆಡಿದ "ತಮ್ಮಾ" ಎಂಬ ಮಾತೇ ಆ ಮಗುವಿಗೆ ಚುಚ್ಚಿತ್ತೆಂದು ತಿಳಿಯುವಷ್ಟು ಅರಿವು ಆಗ ನನಗಿರಲಿಲ್ಲ. ದಸರಾ ರಜೆ ಮುಗಿದ ಮೇಲೆ ಆ ವಿದ್ಯಾರ್ಥಿ ಶಾಲೆಗೆ ಮರಳಲಿಲ್ಲ.

ಅದಾದ ಕೆಲವು ವರ್ಷಗಳ ನಂತರ ಸಿಂಧನೂರು ಕಡೆಯ ಇನ್ನೊಂದು ಶಾಲೆಯಲ್ಲಿ ಇಂಥದೇ ಮಾತು ಕೇಳಿಬಂದಾಗ ನಾನು ನಗಲಿಲ್ಲ. ಆ ಎರಡನೆಯ ವಿದ್ಯಾರ್ಥಿನಿ ಹತ್ತನೇ ತರಗತಿ ಮುಗಿಸಿ ಹೋಗುವವರೆಗೆ ನಾನು ಕಲಿತದ್ದನ್ನು ಬಳ್ಳಾರಿ, ರಾಯಚೂರು, ಕೊಪ್ಪಳದ ಶಾಲೆಗಳಲ್ಲಿ ಕೆಲಸ ಮಾಡುವ ಸಹೋದ್ಯೋಗಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮಗು ಬಂದು ಹೇಳಿದ ದಿನ

ಹುಟ್ಟಿದಾಗ ಗಂಡು ಎಂದೋ ಹೆಣ್ಣು ಎಂದೋ ಬರೆಸಿದ್ದು ತನಗೆ ಹೊಂದುವುದಿಲ್ಲವೆಂದು ಅರಿತ ಮಗು ಅದನ್ನು ಮೊದಲ ಸಲ ಹೇಳಿಕೊಳ್ಳುವುದು ಬಹಳ ಸಲ ಮನೆಯವರ ಮುಂದಲ್ಲ, ನಂಬಿಕೆಗೆ ಅರ್ಹರೆಂದು ತಾನೇ ಆರಿಸಿಕೊಂಡ ಒಬ್ಬ ಶಿಕ್ಷಕರ ಮುಂದೆ. ಆ ಹೊತ್ತಿನಲ್ಲಿ ನೀವು ಬುದ್ಧಿ ಹೇಳಬೇಕಾಗಿಲ್ಲ, ವಯಸ್ಸಿನ ಗೊಂದಲವೆಂದು ಸಮಾಧಾನ ಮಾಡಬೇಕಾಗಿಯೂ ಇಲ್ಲ. ಬಾಗಿಲ ಬಳಿ ಬೇರೆಯವರು ನಿಂತಿದ್ದರೆ ಅವರನ್ನು ಕಳಿಸಿ, ಮಗುವನ್ನು ಕೂರಿಸಿ, ಮಾತು ಮುಗಿಯುವವರೆಗೆ ಕೇಳಿದರೆ ಆ ದಿನದ ಅರ್ಧ ಕೆಲಸ ಮುಗಿದಂತೆ.

ಉಳಿದರ್ಧಕ್ಕೆ ಮೂರು ಪ್ರಶ್ನೆ ಸಾಕು. ನಿನ್ನನ್ನು ಯಾವ ಹೆಸರಿನಿಂದ ಕರೆಯಬೇಕು? ನಿನ್ನ ಬಗ್ಗೆ ಮಾತನಾಡುವಾಗ ಅವನು ಎನ್ನಲೋ, ಅವಳು ಎನ್ನಲೋ, ಅವರು ಎನ್ನಲೋ? ಇದನ್ನು ಯಾರ ಮುಂದೆ ಹೇಳಬಹುದು, ಯಾರ ಮುಂದೆ ಹೇಳಬಾರದು? ಮೂರರಲ್ಲಿ ಕೊನೆಯದೇ ಮುಖ್ಯವಾದದ್ದು, ಮರೆತುಹೋಗುವುದೂ ಅದೇ. ನಿಮ್ಮ ಮುಂದೆ, ನಾಲ್ವರು ಗೆಳೆಯರ ಮುಂದೆ ಹೊಸ ಹೆಸರು ಬೇಕೆನ್ನುವ ಮಗು, ಮುಖ್ಯ ಶಿಕ್ಷಕರ ಮುಂದೆ ಹಳೆಯದೇ ಇರಲಿ ಎನ್ನಬಹುದು. ಅದು ಚಂಚಲತೆಯಲ್ಲ, ತನ್ನ ಸುರಕ್ಷತೆಯನ್ನು ತಾನೇ ಅಳೆದು ನೋಡುವ ಎಚ್ಚರ. ದೇಹದ ಬಗ್ಗೆ, ಆಸ್ಪತ್ರೆಯ ಬಗ್ಗೆ, ಮುಂದಿನ ಮದುವೆಯ ಬಗ್ಗೆ ಕೇಳುವ ಹಕ್ಕು ನಮಗಿಲ್ಲ.

ಪುರಾವೆ ಕೇಳುವ ಹಕ್ಕೂ ಇಲ್ಲ. ಮಗು ಹೇಳಿದ ಹೆಸರಿನಿಂದ ಕರೆಯಲು ಯಾವ ಪ್ರಮಾಣಪತ್ರವೂ ಬೇಕಿಲ್ಲವೆಂಬುದನ್ನು ನಾನು ಸಹೋದ್ಯೋಗಿಗಳಿಗೆ ಮತ್ತೆ ಮತ್ತೆ ಹೇಳಬೇಕಾಗಿ ಬಂದಿದೆ. ನಮ್ಮ ಊರುಗಳಲ್ಲಿ ದಾಖಲೆಯ ಹೆಸರು ಒಂದು, ಕರೆಯುವ ಹೆಸರು ಇನ್ನೊಂದು ಇರುವುದು ಹೊಸದೇನೂ ಅಲ್ಲ. ದಾಖಲಾತಿ ವಹಿಯಲ್ಲಿ ವಿರೂಪಾಕ್ಷಪ್ಪ ಎಂದಿರುವ ಹುಡುಗ ಓಣಿಯಲ್ಲಿ ಪಾಪಣ್ಣ ಆಗಿರುತ್ತಾನೆ, ತರಗತಿಯಲ್ಲೂ ಪಾಪಣ್ಣ ಎಂದೇ ಕರೆಯುತ್ತೇವೆ, ಅದಕ್ಕಾಗಿ ಅಫಿಡವಿಟ್ ತಾ ಎಂದು ಯಾರೂ ಕೇಳಿಲ್ಲ. ಪಾಪಣ್ಣನಿಗೆ ಕೊಟ್ಟ ಸಲಿಗೆಯನ್ನೇ ಈ ಮಗುವಿಗೂ ಕೊಡಿ ಎಂಬುದಷ್ಟೇ ಇಲ್ಲಿನ ಬೇಡಿಕೆ.

ಹೆಸರನ್ನು ಮಗುವೇ ಆರಿಸಲಿ, ನೀವು ಸೂಚಿಸಬೇಡಿ. ನಮ್ಮ ಭಾಗದ ಹೆಸರುಗಳಲ್ಲಿ ಅರ್ಧಕ್ಕರ್ಧ ಕೊನೆಯ ಒಂದು ಅಕ್ಷರದಿಂದಲೇ ಗಂಡು ಹೆಣ್ಣಾಗುವಂಥವು: ಹುಲಿಗೆಪ್ಪ ಹುಲಿಗೆಮ್ಮ, ಯಲ್ಲಪ್ಪ ಯಲ್ಲಮ್ಮ, ಹನುಮಪ್ಪ ಹನುಮಮ್ಮ. ಮನೆದೇವರ ಹೆಸರನ್ನು ಬಿಡಲಾರದ ಮಗುವಿಗೆ ಈ ಒಂದು ಅಕ್ಷರವೇ ಸಾಕಾದೀತು. ಇನ್ನೊಂದು ಮಗುವಿಗೆ ಹಳೆಯದರ ನೆರಳೂ ಬೇಡವಾಗಬಹುದು. ತಾನು ಗಂಡೂ ಅಲ್ಲ ಹೆಣ್ಣೂ ಅಲ್ಲ ಎನ್ನುವ ನಾನ್‌ಬೈನರಿ ವಿದ್ಯಾರ್ಥಿಗೆ ಎರಡೂ ಕಡೆ ಸಲ್ಲುವ ಶಶಿ, ಕಿರಣ ಎಂಬಂಥ ಹೆಸರು ಹಿಡಿಸಬಹುದು, ಇಲ್ಲವೇ ಇರುವ ಹೆಸರೇ ಸಾಕೆನಿಸಬಹುದು. ಮೂರು ತಿಂಗಳಲ್ಲಿ ಹೆಸರು ಮತ್ತೆ ಬದಲಾದರೂ ಬೇಸರ ತೋರಿಸದೆ ಹೊಸದನ್ನು ರೂಢಿಸಿಕೊಳ್ಳಿ.

ಕ್ರಿಯಾಪದದ ತುದಿಯಲ್ಲಿ ಕುಳಿತ ಲಿಂಗ

ಸರ್ವನಾಮದ ವಿಷಯದಲ್ಲಿ ಇಂಗ್ಲಿಷಿಗೆಂದು ಬರೆದ ಸಲಹೆಗಳನ್ನು ಕನ್ನಡಕ್ಕೆ ಹಾಗೇ ಎತ್ತಿಕೊಂಡರೆ ಕೆಲಸ ನಡೆಯುವುದಿಲ್ಲ, ಏಕೆಂದರೆ ನಮ್ಮ ಭಾಷೆಯಲ್ಲಿ ಅವನು, ಅವಳು ಎಂಬ ಪದವನ್ನು ಬಾಯಿಗೆ ತರದೆಯೂ ಬಂದ, ಬಂದಳು ಎಂಬ ಕ್ರಿಯಾಪದದ ತುದಿಯೇ ಎಲ್ಲವನ್ನೂ ಹೇಳಿಬಿಡುತ್ತದೆ. "ಹೋಂವರ್ಕ್ ಮಾಡಿಲ್ಲ, ನಿನ್ನೆ ಜಾತ್ರಿಗೆ ಹೋಗಿದ್ನಂತ" ಎಂಬ ಮಾತಿನಲ್ಲಿ ಸರ್ವನಾಮವೇ ಇಲ್ಲ, ಆದರೂ ಮಗುವಿಗೆ ನೋವಾಗುತ್ತದೆ. ಜಾಣ, ಜಾಣೆ, ಒಬ್ಬ, ಒಬ್ಬಳು, ದೊಡ್ಡವನು, ದೊಡ್ಡವಳು, ಗೆಳೆಯ, ಗೆಳತಿ ಹೀಗೆ ಲಿಂಗವನ್ನು ಹೊತ್ತ ಪದಗಳು ನಮ್ಮ ಮಾತಿನಲ್ಲಿ ಹೆಜ್ಜೆಹೆಜ್ಜೆಗೂ ಇವೆ.

ಆದರೆ ಇದೇ ಕನ್ನಡ ನಮಗೆ ಅನುಕೂಲವನ್ನೂ ಇಟ್ಟಿದೆ. ನಾನು, ನೀನು, ನೀವು ಎಂಬ ಮಾತುಗಳಿಗೂ ಅವುಗಳ ಜೊತೆ ಬರುವ ಬಂದೆ, ಬಂದಿ, ಬಂದಿರಿ ಎಂಬ ಕ್ರಿಯಾಪದಗಳಿಗೂ ಲಿಂಗವಿಲ್ಲ. ಎಂದರೆ ಮಗುವಿನೊಂದಿಗೆ ನೇರವಾಗಿ ಮಾತನಾಡುವಾಗ ವ್ಯಾಕರಣ ಎಲ್ಲಿಯೂ ಅಡ್ಡ ಬರುವುದಿಲ್ಲ; ಅಡ್ಡ ಬರುವುದು ನಾವು ಸೇರಿಸುವ ತಮ್ಮಾ, ತಂಗೀ, ಲೇ, ಯವ್ವಾ ಎಂಬ ಕರೆಗಳು. ಮೊದಲು ಇವುಗಳ ಮೇಲೆ ನಿಗಾ ಇಡಿ. ಹುಟ್ಟಿದಾಗ ಗಂಡು ಎಂದು ಬರೆಸಿದ್ದರೂ ತಾನು ಹುಡುಗಿ ಎಂದು ಅರಿತ ಟ್ರಾನ್ಸ್ ಹುಡುಗಿಗೆ ಒಮ್ಮೆ ಸಹಜವಾಗಿ "ಬಾ ತಂಗೀ" ಎಂದು ನೋಡಿ, ನಮ್ಮ ಕಡೆಯ ಈ ಎರಡಕ್ಷರದಲ್ಲಿ ಎಷ್ಟು ಅಕ್ಕರೆಯಿದೆಯೆಂದು ಆ ಮುಖದಲ್ಲೇ ಕಾಣುತ್ತದೆ. ನಾನು ಮೊದಲ ಸಲ ಹಾಗೆ ಕರೆದಾಗ ಸಿಂಧನೂರಿನ ನನ್ನ ವಿದ್ಯಾರ್ಥಿನಿ ತಲೆ ತಗ್ಗಿಸಿ, ಕೈಯಲ್ಲಿದ್ದ ನೋಟ್‌ಬುಕ್ಕಿನ ಮೂಲೆಯನ್ನು ಬಹಳ ಹೊತ್ತು ಮಡಚುತ್ತ, ಬಿಡಿಸುತ್ತ ನಿಂತಿದ್ದಳು.

ಮಗುವಿನ ಬಗ್ಗೆ ಇನ್ನೊಬ್ಬರೊಂದಿಗೆ ಮಾತನಾಡುವಾಗ ಮಾತ್ರ ಅಭ್ಯಾಸ ಬೇಕಾಗುತ್ತದೆ. ಹುಡುಗಿಯೆಂದು ಹೇಳಿಕೊಂಡವಳಿಗೆ ಅವಳು, ಬರ್ತಾಳೆ. ಹುಡುಗನೆಂದು ಹೇಳಿಕೊಂಡವನಿಗೆ ಅವನು, ಬರ್ತಾನೆ. ಎರಡೂ ಒಲ್ಲೆ ಎನ್ನುವವರಿಗೆ ಅವರು, ಬರ್ತಾರೆ ಎಂಬ ರೂಪ ಕನ್ನಡದಲ್ಲಿ ಮೊದಲಿನಿಂದಲೂ ಸಿದ್ಧವಾಗಿದೆ. ಹದಿನಾಲ್ಕರ ಮಗುವಿಗೆ ಬಹುವಚನ ಹಚ್ಚುವುದು ಹೇಗೆಂದು ಕೆಲವರು ಹಿಂಜರಿಯುತ್ತಾರೆ. ಒಂದೇ ಮಗುವಿಗೆ ಹಚ್ಚಿದರೆ ಎದ್ದು ಕಾಣುತ್ತದೆ ನಿಜ. ತರಗತಿಯ ಎಲ್ಲ ಮಕ್ಕಳಿಗೂ ಹಚ್ಚಿದರೆ ಯಾರಿಗೂ ವಿಶೇಷವೆನಿಸುವುದಿಲ್ಲ. ಮಾತುಮಾತಿಗೆ ರೀ ಸೇರಿಸುವ ನಮ್ಮ ಸೀಮೆಯಲ್ಲಿ ಇದು ಕಷ್ಟವಾಗಬಾರದು. "ಈ ಲೆಕ್ಕಾ ಯಾರು ಬಿಡಿಸ್ಯಾರ, ಅವರು ಬೋರ್ಡಿಗೆ ಬರ್ರಿ" ಎಂದು ಒಂದು ವಾರ ಹೇಳಿ ನೋಡಿ, ತರಗತಿಯ ದನಿಯೇ ಮೆತ್ತಗಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ತಾನು ಹುಡುಗಿ ಎಂದು ಸ್ಪಷ್ಟವಾಗಿ ಹೇಳಿದವಳನ್ನು ಅವಳು ಎನ್ನಲು ನಾಲಿಗೆ ಹೊರಳದೆ ಸದಾ ಅವರು ಎಂದು ತೇಲಿಸುವುದು ಮರ್ಯಾದೆಯಂತೆ ಕಂಡರೂ ಒಪ್ಪದಿರುವುದರ ಇನ್ನೊಂದು ರೂಪವೇ ಆಗಿದೆ, ಅದು ಮಗುವಿಗೆ ಗೊತ್ತಾಗುತ್ತದೆ. ಎರಡನೆಯದು ಅದು ಎಂಬ ಪದ. ನಮ್ಮ ಕಡೆ ಮನೆಯ ಚಿಕ್ಕವರನ್ನು ಸಲಿಗೆಯಿಂದ "ಅದು ಉಂಡೈತಿ, ಮಲಗೈತಿ" ಎನ್ನುವುದುಂಟು, ಆ ಮಾತಿನಲ್ಲಿ ಅಕ್ಕರೆಯೂ ಉಂಟು. ಆದರೆ ಟ್ರಾನ್ಸ್‌ಜೆಂಡರ್ ಜನರನ್ನು ಮನುಷ್ಯರ ಲೆಕ್ಕದಿಂದ ಹೊರಗಿಡಲು ಬೀದಿಯಲ್ಲಿ ಬಳಸುವ ಮಾತೂ ಅದೇ ಆಗಿರುವುದರಿಂದ, ನಿಮ್ಮ ಮನಸ್ಸಿನಲ್ಲಿ ಸಲಿಗೆಯೇ ಇದ್ದರೂ ಈ ಮಗುವಿನ ವಿಷಯದಲ್ಲಿ ಅದನ್ನು ಬಿಟ್ಟುಬಿಡಿ.

ಬರವಣಿಗೆಯಲ್ಲೂ ಇಂಥ ತೊಡಕುಗಳಿವೆ. ಬಹುಮಾನ ಪತ್ರದಲ್ಲಿ ಹೆಸರಿನ ಹಿಂದೆ ಕುಮಾರ, ಕುಮಾರಿ ಎಂದು ಹಾಕುವ ರೂಢಿಯನ್ನು ಎಲ್ಲ ಮಕ್ಕಳಿಗೂ ಕೈಬಿಟ್ಟರೆ ಯಾರಿಗೂ ನಷ್ಟವಿಲ್ಲ. ಮಗ, ಮಗಳು ಎಂದು ಬರೆಯುವಲ್ಲಿ ನಮ್ಮ ಭಾಗದ ಕಾಗದಪತ್ರಗಳ ಹಳೆಯ ರೂಢಿಯಂತೆ ಮಗುವಿನ ಹೆಸರು, ನಡುವೆ "ತಂದೆ" ಎಂಬ ಪದ, ಆಮೇಲೆ ತಂದೆಯ ಹೆಸರು ಬರೆದರೆ ಸಾಕು.

ತಪ್ಪು ಆಗಿಯೇ ಆಗುತ್ತದೆ. ನಾನು ಮೊದಲ ತಿಂಗಳಲ್ಲಿ ದಿನಕ್ಕೊಮ್ಮೆಯಾದರೂ ತಪ್ಪಿದ್ದೇನೆ. "ಬಂದಾನ, ಅಲ್ಲ, ಬಂದಾಳ" ಎಂದು ಅದೇ ಉಸಿರಿನಲ್ಲಿ ತಿದ್ದಿಕೊಂಡು ಪಾಠ ಮುಂದುವರಿಸಿ. ನಿಂತು ಐದು ನಿಮಿಷ ಕ್ಷಮೆ ಕೇಳಿದರೆ ಇಡೀ ತರಗತಿ ತಿರುಗಿ ಮಗುವನ್ನೇ ನೋಡುತ್ತದೆ, ನಿಮಗೆ ಸಮಾಧಾನ ಹೇಳುವ ಹೊರೆಯೂ ಮಗುವಿನ ಮೇಲೆಯೇ ಬೀಳುತ್ತದೆ. ಅಭ್ಯಾಸಕ್ಕೆ ನಾನು ಕಂಡುಕೊಂಡ ದಾರಿ ಸರಳವಾದದ್ದು: ಆ ವಿದ್ಯಾರ್ಥಿನಿಯ ಬಗ್ಗೆ ಐದು ವಾಕ್ಯ ಬರೆದು, ಮನೆಯಲ್ಲಿ ಒಬ್ಬನೇ ಇದ್ದಾಗ ಗಟ್ಟಿಯಾಗಿ ಓದುತ್ತಿದ್ದೆ. ಅವಳ ಕೈಬರಹ ದುಂಡಾಗಿದೆ, ಅವಳು ಬೀಜಗಣಿತಕ್ಕೆ ಹೆದರುತ್ತಾಳೆ, ಅವಳು ಕಾರಟಗಿ ಬಸ್ಸಿಗೆ ಬರುತ್ತಾಳೆ. ಎರಡು ವಾರದಲ್ಲಿ ನಾಲಿಗೆ ಪಳಗಿತು.

ಕೆಂಪು ಶಾಯಿ, ಎರಡು ಸಾಲು

ನಾನು ಕೆಲಸ ಮಾಡಿದ ಶಾಲೆಗಳಲ್ಲಿ ಹಾಜರಿ ಪುಸ್ತಕದಲ್ಲಿ ಹುಡುಗರ ಹೆಸರನ್ನು ನೀಲಿ ಶಾಯಿಯಲ್ಲಿ, ಹುಡುಗಿಯರ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆಯುವ ಪದ್ಧತಿಯಿತ್ತು. ದಾಖಲೆಯ ಹೆಸರನ್ನು ಶಿಕ್ಷಕರು ತಾವಾಗಿ ತಿದ್ದುವಂತಿಲ್ಲ, ತಿದ್ದಲೂಬಾರದು, ಏಕೆಂದರೆ ಅದರಿಂದ ಮುಂದೆ ಮಗುವಿಗೇ ತೊಂದರೆಯಾಗುತ್ತದೆ. ಆದರೆ ಹಾಜರಿಯನ್ನು ಹೆಸರು ಹಿಡಿದೇ ಕರೆಯಬೇಕೆಂದಿಲ್ಲ. ಇಡೀ ತರಗತಿಗೆ ಕ್ರಮಸಂಖ್ಯೆಯಿಂದ ಕರೆಯುವುದು ಅತ್ಯಂತ ಸುಲಭದ ದಾರಿ. ಇದನ್ನು ಒಂಬತ್ತನೇ ತರಗತಿಯ ಮಗು ನನಗೆ ಮೊದಲೇ ಹೇಳಿಕೊಟ್ಟಿತ್ತು, ನಾನು ಕೇಳಿಸಿಕೊಳ್ಳಲಿಲ್ಲ. ನಿಮ್ಮದೇ ಒಂದು ಹಾಳೆಯಲ್ಲಿ ಕರೆಯುವ ಹೆಸರುಗಳನ್ನು ಬರೆದು ಪುಸ್ತಕದೊಳಗೆ ಇಟ್ಟುಕೊಳ್ಳಿ, ಆದರೆ ರಜೆಯ ದಿನ ನಿಮ್ಮ ಬದಲಿಗೆ ಬರುವ ಶಿಕ್ಷಕರಿಗೆ ಮೊದಲೇ ತಿಳಿಸಿರಿ. ಹಳೆಯ ಹೆಸರು ಗಟ್ಟಿಯಾಗಿ ಕೂಗಿ ಹೋಗುವುದು ಸಾಮಾನ್ಯವಾಗಿ ಅಂಥ ಬದಲಿ ತಾಸಿನಲ್ಲಿಯೇ.

ಪ್ರಾರ್ಥನೆಗೆ, ಬಿಸಿಯೂಟಕ್ಕೆ, ಸಾಮೂಹಿಕ ಕವಾಯತಿಗೆ ಗಂಡು ಹೆಣ್ಣು ಎರಡು ಸಾಲು ಮಾಡುವ ಬದಲು ತರಗತಿವಾರು ಇಲ್ಲವೇ ಎತ್ತರದ ಪ್ರಕಾರ ಸಾಲು ಮಾಡಬಹುದು. ಶೌಚಾಲಯದ ವಿಷಯವನ್ನು ಮಗುವನ್ನೇ ಕೇಳಿ ತೀರ್ಮಾನಿಸಿ. ಇಡೀ ದಿನ ನೀರು ಕುಡಿಯದೆ ತಡೆದುಕೊಳ್ಳುವ ಮಕ್ಕಳಿದ್ದಾರೆಂಬುದು ನೆನಪಿರಲಿ.

ಸಹಪಾಠಿಗಳಿಗೆ ಹೇಳಬೇಕೋ ಬೇಡವೋ ಎಂಬುದು ಮಗುವಿನ ತೀರ್ಮಾನ. ಹೇಳು ಎಂದರೆ ಚಿಕ್ಕದಾಗಿ ಹೇಳಿ: "ಇವತ್ತಿನಿಂದ ಇವಳನ್ನ ಈ ಹೆಸರಿನಿಂದ ಕರೆಯೋಣು, ನಾನೂ ಹಂಗ ಕರಿತೀನಿ." ಭಾಷಣ ಬೇಡ. ಅಣಕ ಕೇಳಿಬಂದರೆ ಅದೇ ಕ್ಷಣದಲ್ಲಿ, ಜಾತಿಯ ಹೆಸರು ಹಿಡಿದು ಬೈದಾಗ ಎಷ್ಟು ಗಟ್ಟಿಯಾಗಿ ತಡೆಯುತ್ತೇವೋ ಅಷ್ಟೇ ಗಟ್ಟಿಯಾಗಿ ತಡೆಯಿರಿ. ಮಕ್ಕಳು ಹೊಸ ಹೆಸರಿಗೆ ದೊಡ್ಡವರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ. ನನ್ನ ತರಗತಿಯಲ್ಲಿ ನಾನು ತಪ್ಪಿದಾಗಲೆಲ್ಲ ತಿದ್ದುತ್ತಿದ್ದವರು ಮೊದಲ ಬೆಂಚಿನ ಹುಡುಗಿಯರು.

ನಮ್ಮ ಜಿಲ್ಲೆಗಳಲ್ಲಿ ಈ ವಿಷಯ ಬಂದಾಗ ಮಾತು ಬೇಗನೆ, ದೇವಿಯ ಸೇವೆಗೆ ನಿಂತು ಹೆಣ್ಣಿನ ಉಡುಗೆ ತೊಡುವ ಜೋಗಪ್ಪಂದಿರ ಕಡೆಗೆ ತಿರುಗುತ್ತದೆ. ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ, ತುಂಗಭದ್ರೆಯ ದಂಡೆಯ ಮೇಲಿನ ಹುಲಿಗೆಮ್ಮನ ಗುಡಿಗೆ ಹೋಗಿಬಂದ ಮನೆಯವರೆಲ್ಲ ಜೋಗಪ್ಪಂದಿರನ್ನು ಕಂಡವರೇ, ಚೌಡಿಕೆ ಎಂಬ ತಂತಿವಾದ್ಯದೊಂದಿಗೆ ಅವರು ಹಾಡುವ ಪದ ಕೇಳಿದವರೇ. ಬಳ್ಳಾರಿ ಸೀಮೆಯ ಕಲ್ಲುಕಂಬದಲ್ಲಿ ಹುಟ್ಟಿದ ಟ್ರಾನ್ಸ್‌ಜೆಂಡರ್ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರನ್ನು ಅಮ್ಮ ಎನ್ನುವಾಗ ನಮ್ಮಲ್ಲಿ ಯಾರ ನಾಲಿಗೆಯೂ ತೊಡರುವುದಿಲ್ಲ, ಯಾವ ಪ್ರಮಾಣಪತ್ರವೂ ನೆನಪಾಗುವುದಿಲ್ಲ. ಸಹೋದ್ಯೋಗಿಗಳು ಇದೆಲ್ಲ ಹೊರಗಿನಿಂದ ಬಂದ ಹೊಸ ರೋಗವೆಂದಾಗ ನಾನು ಇದನ್ನೇ ನೆನಪಿಸುತ್ತೇನೆ. ಆದರೆ ಮಗುವಿಗೆ ಹೇಳುವಾಗ ಎಚ್ಚರ ಬೇಕು. ಮುತ್ತು ಕಟ್ಟಿಸಿಕೊಂಡು, ಎಂದರೆ ದೀಕ್ಷೆ ಪಡೆದು, ದೇವಿಯ ಸೇವೆಗೆ ನಿಲ್ಲುವುದು ಒಂದು ಸಂಪ್ರದಾಯ. ಪ್ರತಿ ಟ್ರಾನ್ಸ್‌ಜೆಂಡರ್ ಮಗುವಿನ ದಾರಿಯೂ ಅದೇ ಎಂದು ನಾವು ಭಾವಿಸಿದರೆ, ಮಗುವನ್ನು ಮರ್ಯಾದೆಯ ಮಾತಿನಿಂದಲೇ ಶಾಲೆಯ ಹೊರಗೆ ಕಳಿಸಿದಂತಾಗುತ್ತದೆ. ನನ್ನ ವಿದ್ಯಾರ್ಥಿನಿಗೆ ನರ್ಸಿಂಗ್ ಓದಬೇಕಾಗಿತ್ತು.

ಮನೆಯವರ ವಿಷಯ

ಮಗು ಒಪ್ಪದೆ ಮನೆಗೆ ಸುದ್ದಿ ಮುಟ್ಟಿಸಬೇಡಿ. ತಂದೆತಾಯಿಗೆ ತಿಳಿಸುವುದು ನಮ್ಮ ಕರ್ತವ್ಯವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದೇ, ನನಗೂ ಅದು ಬಹಳ ಕಾಡಿದೆ. ಆದರೆ ಸುದ್ದಿ ತಿಳಿದ ರಾತ್ರಿಯೇ ಹೊಡೆತ ತಿಂದ, ಕೂದಲು ಕತ್ತರಿಸಿಕೊಂಡ, ಊರು ಬಿಡಿಸಿ ನೆಂಟರ ಮನೆಗೆ ಕಳಿಸಲ್ಪಟ್ಟ ಮಕ್ಕಳು ನಮ್ಮ ನಡುವೆಯೇ ಇರುವುದರಿಂದ, ಮನೆಯಲ್ಲಿ ಏನಾಗಬಹುದೆಂದು ಮಗುವಿಗೇ ಚೆನ್ನಾಗಿ ಗೊತ್ತಿರುತ್ತದೆಂದು ನಂಬಿ ನಡೆಯುವುದು ಮೇಲು. ಮನೆಗೆ ಫೋನ್ ಮಾಡುವಾಗ, ಪಾಲಕರ ಸಭೆಯಲ್ಲಿ, ಪ್ರಗತಿಪತ್ರದಲ್ಲಿ ಯಾವ ಹೆಸರು ಬಳಸಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ಶಾಲೆಯಲ್ಲಿ ಒಂದು, ಮನೆಗೆ ಒಂದು ಎಂದು ನೀವು ಎರಡು ಹೆಸರು ಬಳಸುವುದು ಸುಳ್ಳಲ್ಲ, ಮಗುವಿಗೆ ಕೊಟ್ಟ ಮಾತು.

ಮಗುವೇ ಮನೆಯಲ್ಲಿ ಹೇಳಬೇಕೆಂದು ಬಯಸಿದರೆ ಜೊತೆಗಿರಿ. ನನ್ನ ಅನುಭವದಲ್ಲಿ ತಾಯಿಗೆ, ಕೆಲವೊಮ್ಮೆ ಅಜ್ಜಿಗೆ, ಮೊದಲೇ ಅರ್ಧ ಗೊತ್ತಿರುತ್ತದೆ. ಸಿಂಧನೂರಿನ ನನ್ನ ವಿದ್ಯಾರ್ಥಿನಿಯ ತಾಯಿ ನನ್ನ ಮುಂದೆ ಕುಳಿತು ಕೇಳಿದ್ದು ಒಂದೇ ಮಾತು: "ಸಾಲಿ ಬಿಡಸ್ತಾರೇನ್ರಿ ಸರ?" ಇಲ್ಲ ಎಂದು ನಾನು ಹೇಳಿದ ಮೇಲೆಯೇ ಉಳಿದ ಮಾತು ಮುಂದುವರಿದದ್ದು. ಹೊಡೆತ, ಮನೆಯಿಂದ ಹೊರಹಾಕುವುದು, ಬಲವಂತದ ಮದುವೆ ಇಂಥವು ಕಂಡುಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕು. ಮಗು ಬದುಕೇ ಬೇಡವೆಂಬಂತೆ ಮಾತನಾಡಿದರೆ ಒಂಟಿಯಾಗಿ ಬಿಡದೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416ಕ್ಕೆ ಮಾತನಾಡಿಸಿ, ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿ ಕರೆದೊಯ್ಯಿರಿ.

ಕಾಗದಪತ್ರ

ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನಾಲ್ಸಾ (ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರ) ಪ್ರಕರಣದಲ್ಲಿ ಕೊಟ್ಟ ತೀರ್ಪು, ವ್ಯಕ್ತಿ ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, ಅದಕ್ಕೆ ಶಸ್ತ್ರಚಿಕಿತ್ಸೆಯನ್ನು ಷರತ್ತಾಗಿಸುವಂತಿಲ್ಲವೆಂದೂ ಹೇಳಿತು. ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ 2019ರಲ್ಲಿ ಅಂಗೀಕಾರವಾಗಿ 2020ರ ಜನವರಿ 10ರಿಂದ ಜಾರಿಗೆ ಬಂತು. ಅದರ 3ನೇ ಸೆಕ್ಷನ್ ಶಿಕ್ಷಣ ಸಂಸ್ಥೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು; 13ನೇ ಸೆಕ್ಷನ್ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಸಂಸ್ಥೆಗಳು ಓದು, ಆಟೋಟಗಳಲ್ಲಿ ಎಲ್ಲರೊಂದಿಗೆ ಸಮಾನ ಅವಕಾಶ ಕೊಡಬೇಕೆಂದು ವಿಧಿಸಿತು. ಮುಖ್ಯ ಶಿಕ್ಷಕರೊಂದಿಗೆ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ)ಯೊಂದಿಗೆ ಮಾತನಾಡಲು ಹೋಗುವಾಗ ಈ ಎರಡು ಸೆಕ್ಷನ್‌ಗಳ ಪ್ರತಿ ಕೈಯಲ್ಲಿದ್ದರೆ ಮಾತು ಬೇಗ ದಡ ಮುಟ್ಟುತ್ತದೆ.

ದಾಖಲೆಯಲ್ಲಿಯೇ ಬದಲಾವಣೆ ಬೇಕಾದರೆ ಆ ಕಾಯ್ದೆಯ ಪ್ರಕಾರ ಗುರುತಿನ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವುದು ಜಿಲ್ಲಾಧಿಕಾರಿಗೆ. 18 ತುಂಬದ ಮಗುವಿನ ಪರವಾಗಿ ತಂದೆ, ತಾಯಿ ಅಥವಾ ಪೋಷಕರು ಅರ್ಜಿ ಹಾಕಬೇಕು. 2020ರ ನವೆಂಬರ್‌ನಲ್ಲಿ ಇದಕ್ಕೆಂದೇ ರಾಷ್ಟ್ರೀಯ ಪೋರ್ಟಲ್ ಆರಂಭವಾಯಿತು. ಕಾನೂನು, ನಿಯಮ, ನಮೂನೆಗಳು ತಿದ್ದುಪಡಿಯಾಗುತ್ತಿರುವುದರಿಂದ, ಹಿಂದಿನ ವರ್ಷ ಇನ್ನೊಬ್ಬರು ತುಂಬಿದ ಅರ್ಜಿಯನ್ನು ನೋಡಿ ತುಂಬದೆ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವುದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಉಚಿತ ಸಲಹೆಯನ್ನೂ ಪಡೆದು ಮುಂದುವರಿಯಿರಿ.

ಸಮಯದ ಲೆಕ್ಕ ಇಲ್ಲಿ ಬಹಳ ಮುಖ್ಯ. ಮುಂದಿನ ಪಿಯು ಪ್ರವೇಶ, ವಿದ್ಯಾರ್ಥಿವೇತನ, ಪಾಸ್‌ಪೋರ್ಟ್, ನೌಕರಿ ಎಲ್ಲದಕ್ಕೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರೇ ಆಧಾರವಾಗುವುದರಿಂದ, ಮಗುವೂ ಮನೆಯವರೂ ಒಪ್ಪಿದ್ದರೆ ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ನೋಂದಾಯಿಸುವ ಮುನ್ನವೇ ದಾಖಲಾತಿ ವಹಿ, ಸ್ಯಾಟ್ಸ್ (ವಿದ್ಯಾರ್ಥಿಗಳ ವಿವರ ಇಡುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ), ಆಧಾರ್ ಮೂರರಲ್ಲೂ ಒಂದೇ ಹೆಸರು ಇರುವಂತೆ ಸರಿಪಡಿಸಿಕೊಳ್ಳಬೇಕು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದುಪಡಿ ಸಾಧ್ಯವಿಲ್ಲವೆಂದಲ್ಲ, ಆದರೆ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಯವರೆಗೆ ಅಲೆದಾಟ ಹೆಚ್ಚುತ್ತದೆ. ಮೂರರಲ್ಲಿ ಎರಡು ತಿದ್ದಿ ಒಂದನ್ನು ಬಿಡುವುದು ಏನೂ ತಿದ್ದದಿರುವುದಕ್ಕಿಂತ ಹೆಚ್ಚಿನ ತೊಂದರೆ ಕೊಡುತ್ತದೆ, ವಿದ್ಯಾರ್ಥಿವೇತನದ ಹಣ ನಿಲ್ಲುವುದು ಇಂಥ ಹೊಂದಾಣಿಕೆಯಾಗದ ಹೆಸರಿನಿಂದಲೇ. ಹಳೆಯ ಹೆಸರಿರುವ ಅರ್ಜಿ, ಪ್ರತಿಗಳನ್ನು ಲಕೋಟೆಯಲ್ಲಿಟ್ಟು ಮುಖ್ಯ ಶಿಕ್ಷಕರ ಬೀರುವಿನಲ್ಲಿ ಇರಿಸಿ, ಎಲ್ಲರ ಕೈಗೆ ಸಿಗುವ ಕಡತದಲ್ಲಿ ಬೇಡ.

ನನ್ನ ವಿದ್ಯಾರ್ಥಿನಿಯ ಮನೆಯವರು ಅರ್ಜಿಗೆ ಸಹಿ ಹಾಕುವಷ್ಟರ ಮಟ್ಟಿಗೆ ಒಪ್ಪಲಿಲ್ಲ. ಆದ್ದರಿಂದ ಅವಳ ಅಂಕಪಟ್ಟಿಯೂ ವರ್ಗಾವಣೆ ಪತ್ರವೂ ಹಳೆಯ ಹೆಸರಿನಲ್ಲೇ ಬಂದವು. 18 ತುಂಬಿದ ಮೇಲೆ ತಾನೇ ಅರ್ಜಿ ಹಾಕಲು ಬೇಕಾಗುವ ಕಾಗದಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿ ದಾಖಲೆಯ ಎರಡೆರಡು ಜೆರಾಕ್ಸ್ ಮಾಡಿಸಿ, ಎಲ್ಲವನ್ನೂ ಒಂದು ಕಂದು ಲಕೋಟೆಯಲ್ಲಿಟ್ಟೆ. ಒಳಗಿನ ಕಾಗದದಲ್ಲಿ ಯಾವ ಹೆಸರಿರಬೇಕೆಂಬುದಕ್ಕೆ ನಿಯಮಗಳಿವೆ, ಲಕೋಟೆಯ ಮೇಲೆ ಬರೆಯುವ ಹೆಸರಿಗೆ ಯಾವ ನಿಯಮವೂ ಇಲ್ಲ. ಅಲ್ಲಿ ಅವಳು ಹೇಳಿದ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆದು, ಕಚೇರಿಯ ಕಿಟಕಿಯಿಂದ ಅದೇ ಹೆಸರು ಹಿಡಿದು ಕರೆದೆ.